ಅಪ್ಪನ ಕೊನೆಯ ನಾಲ್ಕು ದಿನ: ಒಂದು ಆಸ್ಪತ್ರೆಯ ಸೇವೆಯ ಬಗ್ಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ತೋಟ ನೋಡಿಕೊಂಡಿದ್ದ ನಮ್ಮ ಅಪ್ಪ ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಪಿತ್ತನಾಳದ ಕಲ್ಲು ತೆಗೆಸಿಕೊಳ್ಳಲೆಂದು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ನಡೆದುಕೊಂಡೇ ಹೋದವರು, ನಾಲ್ಕನೆಯ ದಿನ ಬೆಳಗಿನ ಜಾವ ಅಲ್ಲಿಯೇ ತೀರಿಕೊಂಡರು. ಆ ಆಸ್ಪತ್ರೆಯ ಮೇಲೆ ನಾವು ಹೂಡಿದ ದಾವೆ ಇನ್ನೂ ತೀರ್ಮಾನವಾಗಿಲ್ಲವಾದ್ದರಿಂದ ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಮಗೆ ದೊರೆತ ಸೇವೆ ಹೇಗಿತ್ತು ಎಂಬುದನ್ನು ಮಾತ್ರ ಕಂಡಷ್ಟು ಬರೆಯುತ್ತೇನೆ.

ಮಂಗಳೂರೇ ಏಕೆ ಎಂದು ಕಾಸರಗೋಡಿನವರು ಯಾರೂ ಕೇಳಲಾರರು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆಚೆ ದಾಟಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣ ಬಿಟ್ಟದ್ದನ್ನು ಕಂಡವರು ನಾವು. ನಮ್ಮ ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿಯೇ ಅಡಿಗಲ್ಲು ಬಿದ್ದಿದ್ದರೂ, ಮನೆಯಲ್ಲಿ ಯಾರಿಗಾದರೂ ಜೋರಾದರೆ ಕಾರು ತಿರುಗುವುದು ಇಂದಿಗೂ ಮಂಗಳೂರಿನ ಕಡೆಗೇ.

ಆಸ್ಪತ್ರೆ ಸ್ವಚ್ಛವಾಗಿತ್ತು. ದಾಖಲಾತಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಹಗಲು ಪಾಳಿಯ ಸಿಸ್ಟರುಗಳು ಅಪ್ಪನನ್ನು ‘ಅಜ್ಜ’ ಎಂದು ಕರೆದು ಪ್ರೀತಿಯಿಂದಲೇ ನೋಡಿಕೊಂಡರು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಅಪ್ಪನಿಗೆ ಮಾಡಿದ್ದು ಇ.ಆರ್.ಸಿ.ಪಿ. ಎಂಬ ಚಿಕಿತ್ಸೆ. ಬಾಯಿಯಿಂದ ಕೊಳವೆ ಇಳಿಸಿ, ಸಣ್ಣ ಕರುಳಿನ ಆರಂಭದಲ್ಲಿ ಪಿತ್ತನಾಳ ತೆರೆದುಕೊಳ್ಳುವಲ್ಲಿ ಸ್ವಲ್ಪ ಕೊಯ್ದು, ಕಲ್ಲನ್ನು ಹೊರತೆಗೆಯುತ್ತಾರೆ. ಹೊಟ್ಟೆಯ ಮೇಲೆ ಗಾಯವಾಗುವುದಿಲ್ಲವಾದ್ದರಿಂದ ನಾವು ಅದನ್ನು ಸಣ್ಣ ಕೆಲಸವೆಂದೇ ತಿಳಿದಿದ್ದೆವು. ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ರಕ್ತಸ್ರಾವವಾಗಬಹುದು, ಅಪರೂಪಕ್ಕೆ ಕರುಳಿಗೆ ತೂತು ಬೀಳಬಹುದು ಎಂಬುದು ನಮಗೆ ಗೊತ್ತಾದದ್ದು ಅಪ್ಪನ ಬೊಜ್ಜದ (ಉತ್ತರಕ್ರಿಯೆಯ) ನಂತರ, ವಕೀಲರ ಕಚೇರಿಯಲ್ಲಿ. ಒಪ್ಪಿಗೆ ಪತ್ರದ ನಕಲು ಈಗ ನನ್ನ ಎದುರಿಗೆ ಇದೆ. ಎರಡು ಪುಟವೂ ಇಂಗ್ಲಿಷಿನಲ್ಲಿ ಅಚ್ಚಾಗಿವೆ. ಸಂಭವಿಸಬಹುದಾದ ತೊಂದರೆಗಳನ್ನು ಬರೆಯಬೇಕಾದ ನಾಲ್ಕು ಗೆರೆಗಳು ಖಾಲಿ ಬಿದ್ದಿವೆ. ಕೆಳಗೆ ಅಪ್ಪನ ದುಂಡಗಿನ ಕನ್ನಡ ಸಹಿ ಇದೆ. ಅಪಾಯವೇನು, ಬೇರೆ ದಾರಿಯೇನು ಎಂಬುದನ್ನು ರೋಗಿಗೆ ತಿಳಿಸಿದ ಮೇಲೆ ಪಡೆದದ್ದೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟು 2008ರಲ್ಲಿ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ನಾಲ್ಕು ಖಾಲಿ ಗೆರೆಗಳನ್ನು ನೋಡಿದಾಗಲೆಲ್ಲ ನನಗೆ ಅಂದಿನಷ್ಟೇ ಸಂಕಟವಾಗುತ್ತದೆ.

ಮಧ್ಯಾಹ್ನ ಚಿಕಿತ್ಸೆ ಮುಗಿಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಅಪ್ಪನಿಗೆ ಹೊಟ್ಟೆನೋವು ಆರಂಭವಾಯಿತು. ಜೊತೆಗಿದ್ದ ತಮ್ಮ ಮೂರು ಸಲ ಹೋಗಿ ಹೇಳಿದಾಗ ರಾತ್ರಿ ಪಾಳಿಯ ಸಿಸ್ಟರ್ ಒಂದು ಇಂಜೆಕ್ಷನ್ ಕೊಟ್ಟು, “ಗ್ಯಾಸ್ ಆಗಿರಬಹುದು, ಬೆಳಿಗ್ಗೆ ಡಾಕ್ಟರ್ ರೌಂಡ್ಸಿಗೆ ಬರುವಾಗ ಹೇಳುವ” ಎಂದರಂತೆ. 2.40ಕ್ಕೆ ತಮ್ಮ ನನಗೆ ಕಳುಹಿಸಿದ ವಾಟ್ಸಾಪ್ ಸಂದೇಶ ಹೀಗಿದೆ: “ಅಕ್ಕಾ, ಅಪ್ಪನ ಹೊಟ್ಟೆ ಹಲಗೆ ಹಾಗೆ ಗಟ್ಟಿ ಆಗಿದೆ, ಮುಟ್ಲಿಕ್ಕೆ ಬಿಡುದಿಲ್ಲ.” ಆಸ್ಪತ್ರೆಯ ದಾಖಲೆಯಲ್ಲಿ 3 ಗಂಟೆಯ ಎದುರು ಬರೆದಿರುವುದು, ರೋಗಿ ಆರಾಮವಾಗಿ ನಿದ್ರಿಸುತ್ತಿದ್ದಾರೆ ಎಂದು. ಇಂಥ ಚಿಕಿತ್ಸೆಯ ನಂತರ ಹೊಟ್ಟೆ ಬಿಗಿದುಕೊಳ್ಳುವುದು ಕರುಳು ತೂತಾಗಿರಬಹುದೆಂಬ ಸೂಚನೆ. ಡ್ಯೂಟಿ ಡಾಕ್ಟರ್ ಆ ರಾತ್ರಿ ಬಂದು ನೋಡಿದ ಬಗ್ಗೆ ಒಂದು ಅಕ್ಷರವೂ ಇಲ್ಲ. ಸಿ.ಟಿ. ಸ್ಕ್ಯಾನ್ ಆದದ್ದು ಮರುದಿನ ಹನ್ನೊಂದು ಗಂಟೆಗೆ, ಆಪರೇಷನ್ ಆದದ್ದು ಸಂಜೆ. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು.

ಕರುಳಿಗೆ ತೂತು ಬಿದ್ದದ್ದನ್ನೇ ನಾವು ತಪ್ಪೆನ್ನುತ್ತಿಲ್ಲ. ಅದು ನುರಿತ ಕೈಯಲ್ಲಿಯೂ ಆಗಬಹುದು. ಚಿಕಿತ್ಸೆ ಫಲಿಸಲಿಲ್ಲವೆಂಬ ಒಂದೇ ಕಾರಣಕ್ಕೆ ವೈದ್ಯರನ್ನು ಹೊಣೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ, ಮತ್ತು ಅದು ನ್ಯಾಯವೇ. ನಮ್ಮ ದೂರು ಇರುವುದು ಆ ಹನ್ನೆರಡು ಗಂಟೆಗಳ ಬಗ್ಗೆ.

ಸಾವಿನ ನಂತರದ ಸೇವೆಯಂತೂ ಇನ್ನೂ ಕೆಟ್ಟದಾಗಿತ್ತು. ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವಿದೆ. ನಮಗೆ ಕೇಸ್ ಶೀಟ್ ಸಿಕ್ಕಿದ್ದು ಹತ್ತೊಂಬತ್ತನೆಯ ದಿನ, ಐದು ಸಲ ತಲಪಾಡಿ ದಾಟಿದ ಮೇಲೆ. ಬಿಲ್ಲಿನ ಬಾಕಿ ಕಟ್ಟಿಸಿಕೊಂಡದ್ದು ಮಾತ್ರ ಶವ ಬಿಟ್ಟುಕೊಡುವ ಮೊದಲು.

ಕಾಸರಗೋಡಿನವರಿಗೆ ಉಪಯೋಗವಾಗುವ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿಯೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. 2019ರ ಹೊಸ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದಾದ್ದರಿಂದ, ಆಸ್ಪತ್ರೆ ಕರ್ನಾಟಕದಲ್ಲಿದ್ದರೂ ನಾವು ಕೇಸು ಹಾಕಿದ್ದು ಕಾಸರಗೋಡಿನಲ್ಲಿ. ಆಸ್ಪತ್ರೆಗೆ ಕಟ್ಟಿದ ಹಣ ಐದು ಲಕ್ಷದೊಳಗಿದ್ದುದರಿಂದ ಶುಲ್ಕ ಬೇಕಾಗಲಿಲ್ಲ. ಗಡುವು ಎರಡು ವರ್ಷ; ದುಃಖದಲ್ಲಿ ದಿನ ಹೋದದ್ದೇ ತಿಳಿಯುವುದಿಲ್ಲ, ಆದ್ದರಿಂದ ಕಾಗದಪತ್ರ ಮೊದಲೇ ಸೇರಿಸಿಡಿ. ಕಷ್ಟವಾದದ್ದು ನಮ್ಮ ಪರವಾಗಿ ಅಭಿಪ್ರಾಯ ಬರೆದುಕೊಡುವ ವೈದ್ಯರನ್ನು ಹುಡುಕುವುದು. ಮೂವರು ದಾಖಲೆ ಓದಿ ತಡವಾದದ್ದು ಹೌದೆಂದರು, ಸಹಿ ಮಾಡಲು ಒಪ್ಪಲಿಲ್ಲ. ನಾಲ್ಕನೆಯವರು, ನಿವೃತ್ತ ಸರ್ಜನ್ ಒಬ್ಬರು, ಮಾಡಿದರು.

ಮುಂದಿನ ವಿಚಾರಣೆಯಲ್ಲಿ ಅವರ ಪಾಟೀ ಸವಾಲು ಇದೆ. ತಮ್ಮ ತನ್ನ ಹಳೆಯ ಫೋನನ್ನು ಇನ್ನೂ ಬದಲಿಸಿಲ್ಲ. ಪರದೆ ಒಡೆದು ಅರ್ಧಕ್ಕರ್ಧ ಕಾಣುವುದಿಲ್ಲ, ಆದರೆ ಆ ರಾತ್ರಿ 2.40ರ ಸಂದೇಶ ಇರುವುದು ಅದರಲ್ಲಿ.