7 ಪರ್ಸೆಂಟ್ ಅಂತ ಹೇಳಿ 12.5 ಹಾಕ್ಯಾರ, ಕಾರ್ ಲೋನ್ ನಡುವ ಕ್ಲೋಸ್ ಮಾಡೋರು ಹುಷಾರ್‌ರಿ

ಕಲಬುರಗಿ, ಯಾದಗಿರಿ, ಬೀದರ್ ಕಡೆ ಯಾರರ ಈಗ ಕಾರ್ ತಗೋಳೋರಿದ್ರ, ಅದರಾಗೂ ಶೋರೂಮಿನಾಗ ಟೇಬಲ್ ಹಾಕ್ಕೊಂಡ್ ಕುಂತಿರ್ತಾರಲ್ರಿ ಫೈನಾನ್ಸ್ ಹುಡುಗ್ರು, ಅವರ ಕಡಿಂದ ಲೋನ್ ಮಾಡ್ಸೋರಿದ್ರ, ಇದನ್ನ ಪೂರ್ತಿ ಓದ್ರಿ. ಸಿಟ್ಟಿನಾಗ ಬರಿಲತ್ತೀನಿ, ಹೇಳಿದ್ದೇ ಹೇಳಿದ್ರ ಸಹಿಸ್ಕೋರಿ. ಕಂಪ್ಲೇಂಟ್ ಇನ್ನಾ ನಡದದ, ಅದಕ್ಕ ಕಂಪನಿ ಹೆಸರು ಹಾಕಂಗಿಲ್ಲ.

2024ರ ಸಂಕ್ರಾಂತಿ ಮುಂದ ಗಾಡಿ ತಗೊಂಡಿದ್ದು. ಅಪ್ಪಗ ಸೋಲಾಪುರ ದವಾಖಾನಿಗಿ ಕರ್ಕೊಂಡ್ ಹೋಗೋದಿತ್ತು, ಬಸ್ಸಿನಾಗ ಆಗ್ತಿರಲಿಲ್ಲ. ಬ್ಯಾಂಕಿನಾಗ ಕೇಳಿದ್ರ ಒಂಬತ್ತೂವರೆ ಪರ್ಸೆಂಟ್ ಅಂದ್ರು, ಐಟಿ ರಿಟರ್ನ್ ತರ್ರಿ, ಪಹಣಿ ತರ್ರಿ, ಮ್ಯಾನೇಜರ್ ಸಾಹೇಬ್ರು ರಜಾದ ಮ್ಯಾಲ ಅವ್ರೆ ಅಂದ್ರು. ಶೋರೂಮಿನ ಹುಡುಗ ಏನಂದ? "ಅಣ್ಣಾರ, ನಮ್ಮಲ್ಲಿ ಬರೇ 7 ಪರ್ಸೆಂಟ್, ಆಧಾರ್ ಪ್ಯಾನ್ ಕೊಡ್ರಿ ಸಾಕು, ಗಾಡಿ ಮನಿ ಮುಂದ ನಿಲ್ಲಸ್ತೀನಿ." ನಾ ಮುದ್ದಾಮ್ ಕೇಳೀನಿ, ನಮ್ದು ಒಕ್ಕಲುತನದ ಮನಿ, ತೊಗರಿ ಚಲೋ ಬಂದ್ರ ನಡುವ ಕ್ಲೋಸ್ ಮಾಡಬೇಕಂತ ಅದ, ನಡೀತದೇನು ಅಂತ. "ಯಾವಾಗ ಬೇಕಾದ್ರೂ ಕ್ಲೋಸ್ ಮಾಡ್ರಿ ಅಣ್ಣಾರ, ಏನೂ ತೊಂದ್ರಿ ಇಲ್ಲ" ಅಂದ. ವಿಸಿಟಿಂಗ್ ಕಾರ್ಡ್ ಹಿಂದ ನೀಲಿ ಪೆನ್ನಿಂದ 7% ಅಂತ ಬರದು ಸುತ್ತ ಒಂದು ಗೋಲ ಹಾಕಿ ಕೊಟ್ಟ. ಆ ಕಾರ್ಡ್ ಇನ್ನಾ ಅದ ನನ್ನ ಹತ್ರ.

6 ಲಕ್ಷ ಲೋನ್, 5 ವರ್ಷ, ಕಂತು 13,500. ಎರಡು ವರ್ಷ ಒಂದೂ ಕಂತು ಬೌನ್ಸ್ ಆಗದಂಗ ತುಂಬೀವಿ. ಈ ವರ್ಷ ಗಂಜಿನಾಗ ತೊಗರಿ ಮಾರಿ, ಮನ್ಯಾಗಿದ್ದಿದ್ದು ಒಂದಷ್ಟು ಕೂಡಿಸಿ ಗಂಟು ಕಟ್ಕೊಂಡು ಫೈನಾನ್ಸ್ ಆಫೀಸಿಗಿ ಹೋದ್ವಿ ನಾನು ಅಪ್ಪ. ನಮ್ಮ ಲೆಕ್ಕ ಏನಂದ್ರ, 24 ಕಂತು ಅಂದ್ರ 3 ಲಕ್ಷ 24 ಸಾವಿರ ತುಂಬೇವಿ, ಇನ್ನ 2 ಲಕ್ಷ 76 ಸಾವಿರ ಉಳೀತು, ಬಡ್ಡಿಗಿಡ್ಡಿ ಹಿಡದ್ರೂ ಮೂರು ಮೂರೂಕಾಲು ಲಕ್ಷದಾಗ ಮುಗೀತದ ಅಂತ.

ಪ್ರಿಂಟರ್‌ನಿಂದ ಕಾಗದ ತಗದು ಕೈಯಾಗ ಕೊಟ್ರು. ಫೋರ್‌ಕ್ಲೋಸರ್ ಸ್ಟೇಟ್‌ಮೆಂಟ್, ಅಂದ್ರ ಲೋನ್ ನಡುವ ಮುಗಸಾಕ ಎಷ್ಟು ತುಂಬಬೇಕು ಅನ್ನೋ ಲೆಕ್ಕ. ಉಳದ ಅಸಲು 4,03,548. ಫೋರ್‌ಕ್ಲೋಸರ್ ಚಾರ್ಜ್ 5 ಪರ್ಸೆಂಟ್, 20,177. ಅದರ ಮ್ಯಾಲ ಜಿಎಸ್‌ಟಿ 18 ಪರ್ಸೆಂಟ್, 3,632. ಕೂಡಿಸಿದ್ರ 4 ಲಕ್ಷ 27 ಸಾವಿರ ಚಿಲ್ಲರೆ!! ನಾ ಅಂದೆ ಮೇಡಮ್ ಇದು ಯಾರ್ದೋ ಬ್ಯಾರೆಯವ್ರದು ಕೊಟ್ಟೀರಿ ನೋಡ್ರಿ. "ಇಲ್ಲ ಸರ್, ನಿಮ್ದೇ, ಗಾಡಿ ನಂಬರ್ ನೋಡ್ರಿ." ನಮ್ದೇ ನಂಬರ್. ಅಪ್ಪ ಕನ್ನಡಕ ಹಾಕ್ಕೊಂಡು ಆ ಕಾಗದ ಎರಡೂ ಕಡೆ ತಿರುವಿ ನೋಡಿ, "ಎರಡು ವರ್ಷ ತುಂಬಿದ್ದು ಎಲ್ಲಿ ಹೋಯ್ತೋ?" ಅಂದ. ಹಿಂದ ಲೈನಿನಾಗ ನಿಂತಿದ್ದ ಮಂದಿ ಎಲ್ಲಾ ನಮ್ಮ ಮಾರಿನೇ ನೋಡ್ಲತ್ತಿದ್ರು. ನಾಚಿಕಿ ಅಂದ್ರ ನಾಚಿಕಿ.

ವಿಸಿಟಿಂಗ್ ಕಾರ್ಡ್ ತೋರ್ಸಿದೆ. ಆಕಿ ಅದನ್ನ ಹಿಂದ ಮುಂದ ನೋಡಿ ಏನಂತಾಳ ಗೊತ್ತದೇನ್ರಿ, "ಸರ್, ಇದು ಪೆನ್ನಿಂದ ಬರದಿದ್ದು, ಇದಕ್ಕ ನಾವು ರೆಸ್ಪಾನ್ಸಿಬಲ್ ಅಲ್ಲ, ಅವ್ರು ಡಿಎಸ್‌ಎ, ನಮ್ಮ ಸ್ಟಾಫ್ ಅಲ್ಲ." (ಡಿಎಸ್‌ಎ ಅಂದ್ರ ಕಮಿಷನ್ ಮ್ಯಾಲ ಲೋನ್ ಮಾಡ್ಸೋ ಏಜೆಂಟ್.) ಅಂದ್ರ ರೊಕ್ಕ ತಗೋಳಾಗ ಅವ ನಿಮ್ಮವ, ಕೇಳಾಕ ಬಂದ್ರ ಯಾರೋ! ಮತ್ತ "7 ಪರ್ಸೆಂಟ್ ಅಂತ ಹೇಳಿದ್ದು ಸುಳ್ಳಲ್ಲ ಸರ್, ಅದು ಫ್ಲ್ಯಾಟ್ ರೇಟ್" ಅಂತ.

ಈ ಫ್ಲ್ಯಾಟ್ ರೇಟಿಂದೇ ಪೂರಾ ಆಟ, ಇಷ್ಟರ ತಿಳ್ಕೋರಿ. ಫ್ಲ್ಯಾಟ್ ಅಂದ್ರ 6 ಲಕ್ಷಕ್ಕ ವರ್ಷಕ್ಕ 42 ಸಾವಿರ, ಐದು ವರ್ಷಕ್ಕ 2 ಲಕ್ಷ 10 ಸಾವಿರ ಬಡ್ಡಿ ಮೊದಲೇ ಕೂಡಿಸಿ, 8 ಲಕ್ಷ 10 ಸಾವಿರಕ್ಕ 60ರಿಂದ ಭಾಗ ಹಾಕಿದ್ರ 13,500. ನೀವು ಕಂತು ಕಟ್ಟಿ ಅಸಲು ಕಮ್ಮಿ ಆಗ್ತಾ ಬಂದ್ರೂ ಬಡ್ಡಿ ಮಾತ್ರ ಪೂರಾ 6 ಲಕ್ಷದ ಮ್ಯಾಲೇ. ಬ್ಯಾಂಕಿನೋರು ಹೇಳೋದು ರೆಡ್ಯೂಸಿಂಗ್ ಲೆಕ್ಕ, ಉಳದ ಅಸಲಿನ ಮ್ಯಾಲ ಬಡ್ಡಿ. ನನ್ನ 13,500ನ ಆ ಲೆಕ್ಕಕ್ಕ ತಿರುಗ್ಸಿದ್ರ 12.5 ಪರ್ಸೆಂಟ್ ಆಗ್ತದ! ಮೊದಲನೇ ಕಂತಿನಾಗ 6,250 ಬರೇ ಬಡ್ಡಿಗೇ ಹೋಗ್ಯದ. ಎರಡು ವರ್ಷ ತುಂಬಿದ 3 ಲಕ್ಷ 24 ಸಾವಿರದಾಗ ಅಸಲಿಗಿ ಹೋಗಿದ್ದು 2 ಲಕ್ಷದ ಒಳಗ. ಖರೆ 7 ಪರ್ಸೆಂಟ್ ಆಗಿದ್ರ ಕಂತು 11,900 ಭಿ ದಾಟ್ತಿರಲಿಲ್ಲ. ದುಬಾರಿ ಅಂತ ಬಿಟ್ಟು ಬಂದಿದ್ನಲ್ಲ ಬ್ಯಾಂಕಿನ ಒಂಬತ್ತೂವರೆ, ಅದರ ಕಂತು 12,600 ಆಗ್ತಿತ್ತು. ತಿಂಗಳಿಗಿ 900 ಕಮ್ಮಿ. ದನದ ಸಂತ್ಯಾಗ ಟವಲ್ ಕೆಳಗ ಬೆರಳು ಹಿಡದು ರೇಟ್ ಮಾಡ್ತಾರಲ್ರಿ, ಅದರಾಗಾದ್ರೂ ಇಬ್ಬರಿಗೂ ರೇಟ್ ಗೊತ್ತಿರ್ತದ.

ಮತ್ತ ಆ 6 ಲಕ್ಷದಾಗ 18 ಸಾವಿರ ಲೋನ್ ಇನ್ಶೂರೆನ್ಸ್ ಅಂತ ಸೇರ್ಸ್ಯಾರ. ಗಾಡಿಗಿ ಬೇಕಾಗಿದ್ದು 5 ಲಕ್ಷ 82 ಸಾವಿರ. ಆ 18 ಸಾವಿರಕ್ಕೂ ಬಡ್ಡಿ ತುಂಬ್ಲತ್ತಿದ್ವಿ! ಲೋನೇ ಮುಗೀತಲ್ರಿ, ಉಳದ ಮೂರು ವರ್ಷದ್ದು ವಾಪಸ್ ಕೊಡ್ರಿ ಅಂದ್ರ "ಇನ್ಶೂರೆನ್ಸ್ ಬ್ಯಾರೆ ಕಂಪನಿ ಸರ್, ಅಲ್ಲಿ ಕೇಳ್ರಿ." ಅಲ್ಲಿ ಕೇಳಿದ್ರ "ಫೈನಾನ್ಸ್‌ನೋರು ಮೇಲ್ ಹಾಕಬೇಕ್ರಿ." ಇವ್ರು ಅವ್ರ ಕಡೆ, ಅವ್ರು ಇವ್ರ ಕಡೆ. (ಇಂಥ ಪಾಲಿಸಿ ಬ್ಯಾಡ ಅನ್ಸಿದ್ರ ಕೈಗಿ ಬಂದ 30 ದಿನದಾಗ ವಾಪಸ್ ಮಾಡಬಹುದು, ಆದ್ರ ಪಾಲಿಸಿ ಅದ ಅಂತ ಗೊತ್ತಿದ್ರ ತಾನೇ.)

ಆರ್‌ಬಿಐ ಫೋರ್‌ಕ್ಲೋಸರ್ ಚಾರ್ಜ್ ತಗೋಬಾರದು ಅಂದದಲ್ಲ, ಪೇಪರಿನಾಗ ಬಂದಿತ್ತಲ್ಲ ಅಂತ ಕೇಳಿದೆ. ಅದಕ್ಕ ಮ್ಯಾನೇಜರ್ ಒಳಗಿಂದ ಎದ್ದು ಬಂದ, ನಕ್ಕೋತ, "ಅದು ಫ್ಲೋಟಿಂಗ್ ರೇಟಿಂದು ಸರ್, ನಿಮ್ದು ಫಿಕ್ಸೆಡ್." (ಫ್ಲೋಟಿಂಗ್ ಅಂದ್ರ ನಡುವ ಏರಿಳಿಯೋ ಬಡ್ಡಿ, ಫಿಕ್ಸೆಡ್ ಅಂದ್ರ ಕಡೀತನಕ ಒಂದೇ ಬಡ್ಡಿ.) ಸಿಟ್ಟು ಬರೋದು ಎಲ್ಲಂದ್ರ, ಅವ ಹೇಳಿದ್ದು ಖರೆನೇ. 2026ರ ಜನವರಿ 1ರಿಂದ ಮಂಜೂರಾದ ಲೋನ್‌ಗಳಿಗಿ ಹೊಸ ನಿಯಮ ಬಂದದ, ಆದ್ರ ಅದು ಭಿ ಫ್ಲೋಟಿಂಗ್‌ಗೇ, ಕಾರ್ ಲೋನ್ ಜಾಸ್ತಿ ಫಿಕ್ಸೆಡ್ಡೇ ಇರ್ತಾವ. "ಅಗ್ರಿಮೆಂಟಿನಾಗ ಬರದೇವಿ ಸರ್, ನೀವೇ ಸೈನ್ ಹಾಕೀರಿ." ಹೌದಪ್ಪ, ಇರುವಿ ತಲಿ ಅಷ್ಟು ಸಣ್ಣ ಅಕ್ಷರದಾಗ ಇಂಗ್ಲಿಷ್ನಾಗ ಬರದೀರಿ, ಅಪ್ಪಂದು ಭಿ ಗ್ಯಾರಂಟರ್ ಅಂತ ಹೆಬ್ಬೆಟ್ಟಿನಂಗ ಸೈನ್ ಹಾಕಿಸ್ಕೊಂಡೀರಿ. ಅದ್ಯಾವ ನಗು ಅಂತೀನಿ, ಇನ್ನಾ ಕಣ್ಣ ಮುಂದ ಅದ.

ಆದ್ರೂ ಕಡಿಗಿ ತುಂಬಿ ಮುಗಸೀವಿ. ಯಾಕಂದ್ರ ಇನ್ನ ಮೂರು ವರ್ಷ ಎಳದ್ರ 4 ಲಕ್ಷ 86 ಸಾವಿರ ಆಗ್ತಿತ್ತು, ಈಗ 4 ಲಕ್ಷ 27. ಕಮ್ಮಿ ಬಿದ್ದಿದ್ದಕ್ಕ ಅವ್ವನ ಪಾಟ್ಲಿ ಗಿರ್ವಿ ಇಟ್ಟೀವಿ, ಅದರ ಬಡ್ಡಿ ಬ್ಯಾರೆ. ತುಂಬಿದ್ ಮ್ಯಾಲ ಭಿ ಮುಂದಿನ ತಿಂಗಳು ಅಕೌಂಟಿಂದ 13,500 ಕಟ್ ಆಯ್ತು! "ಸಿಸ್ಟಮ್ ಅಪ್‌ಡೇಟ್ ಆಗಿಲ್ಲ ಸರ್." ಎನ್‌ಓಸಿ (ಸಾಲ ತೀರ್ಯದ, ನಮ್ದೇನೂ ತಕರಾರಿಲ್ಲ ಅನ್ನೋ ಪತ್ರ) ಕೇಳಿದ್ರ "ಹೆಡ್ ಆಫೀಸಿಂದ ಬರಬೇಕು ಸರ್." ಹೆಡ್ ಆಫೀಸಿಗಿ ಫೋನ್ ಮಾಡಿದ್ರ "ಬ್ರಾಂಚಿಗಿ ಹೋಗ್ರಿ." ಆಮ್ಯಾಲ ಒಬ್ಬ ವಕೀಲ ಗೆಳ್ಯಾ ಹೇಳಿದ, 2023ರಾಗ ಆರ್‌ಬಿಐ ಆದೇಶ ಅದ, ಲೋನ್ ಪೂರಾ ತೀರಿದ 30 ದಿನದಾಗ ಒರಿಜಿನಲ್ ಕಾಗದ ಕೊಟ್ಟು, ದಾಖಲಿಯಾಗ ಅವರು ಹಾಕಿದ ಸಾಲದ ಹಕ್ಕು ತೆಗೀಬೇಕು, ಅವರ ಕಡಿಂದ ತಡ ಆದ್ರ ದಿನಕ್ಕ 5,000 ಗ್ರಾಹಕಗ ಕೊಡಬೇಕು ಅಂತ. ಇಷ್ಟೇ ಎರಡು ಸಾಲು ಮೇಲ್ ಹಾಕಿದೆ. ಹೆಡ್ ಆಫೀಸಿನಾಗ ಸಿಗಲಾರದ ಎನ್‌ಓಸಿ ಲಗೂನ ಬಂತು ನೋಡ್ರಿ! ಕಟ್ ಆದ ಕಂತು ಭಿ ವಾಪಸ್ ಬಂತು.

ಲೀಸ್ ಚಲೋ ಅಲ್ಲೇನು ಅಂತ ಕೇಳೋರಿದ್ದೀರಿ. ಕಾಕಾನ ಮಗ ಹೈದರಾಬಾದಿನಾಗ ಅವನ, ಅವ ಕಂಪನಿ ಕಡಿಂದ ಲೀಸಿನ ಮ್ಯಾಲ ಗಾಡಿ ತಗೊಂಡಿದ್ದ. ತಿಂಗಳ ಬಾಡಿಗಿ ಸಂಬಳದಾಗೇ ಕಟ್, ಟ್ಯಾಕ್ಸ್ ಉಳೀತದ, ಇನ್ಶೂರೆನ್ಸ್ ಸರ್ವಿಸ್ ಎಲ್ಲಾ ಅದರಾಗೇ. ಕೇಳಾಕ ಚಂದ. ಆದ್ರ ಗಾಡಿ ಲೀಸಿಂಗ್ ಕಂಪನಿ ಹೆಸರಿಲೆ ಇರ್ತದ, ಅವ ನಡುವ ನೌಕರಿ ಬಿಟ್ಟ. ಹೊಸ ಕಂಪನಿ ಆ ಲೀಸ್ ತಗೋಬೇಕು, ಇಲ್ಲಂದ್ರ ಉಳದ ಲೆಕ್ಕ ಪೆನಾಲ್ಟಿ ಸಮೇತ ನೀನೇ ಚುಕ್ತಾ ಮಾಡು ಅಂದ್ರು. ನೌಕರಿ ಗಟ್ಟಿ ಇದ್ದವಗ ಲೀಸ್ ನಡೀತದ, ನಮ್ಮಂಗ ಸುಗ್ಗಿ ನೋಡ್ಕೊಂಡು ರೊಕ್ಕ ಮಾಡೋರಿಗಲ್ಲ. ಕಂತು ಕಮ್ಮಿ ಅಂತ ಬಲೂನ್ ಲೋನ್ ಅಂತಾನೂ ಹೇಳ್ತಾರ, ಕಡೀ ಕಂತಿನಾಗ ಒಂದೇ ಸಲ ದೊಡ್ಡ ಗಂಟು ಕೇಳ್ತಾರ, ಅದು ಸೈನ್ ಹಾಕೋ ದಿನ ಯಾರೂ ಬಾಯಿ ಬಿಡಂಗಿಲ್ಲ.

ಇನ್ನೊಬ್ಬ ಗೆಳ್ಯಾ ಯೂಟ್ಯೂಬ್ ನೋಡಿ ಬಂದು, ಅರ್ಧ ರೊಕ್ಕ ತುಂಬಿ ಗಾಡಿ ವಾಪಸ್ ಕೊಟ್ರ ಲೋನ್ ಮುಗೀತದಂತ ಅಂದ. ಅದು ಇಂಗ್ಲೆಂಡಿನಾಗ, ಅವರ 1974ರ ಕಾನೂನಿನಾಗ ಅದ. ನಮ್ಮಲ್ಲಿ ಸರೆಂಡರ್ ಮಾಡಿದ್ರ ಗಾಡಿ ಹರಾಜು ಹಾಕಿ, ಕಮ್ಮಿ ಬಿದ್ದಿದ್ದು ಮತ್ತ ನಿಮ್ಮಿಂದಲೇ ವಸೂಲ್ ಮಾಡ್ತಾರ. ಹಂಗೇ "ಸೆಟ್ಲ್‌ಮೆಂಟ್ ಮಾಡ್ಕೊಡ್ತೀವಿ" (ಬಾಕಿಗಿಂತ ಕಮ್ಮಿ ತಗೊಂಡು ಮುಗಸೋದು) ಅಂದ್ರ ಖುಷಿ ಪಡಬ್ಯಾಡ್ರಿ, ಸಿಬಿಲ್‌ನಾಗ (ಸಾಲ ಹೆಂಗ ತೀರ್ಸೀವಿ ಅನ್ನೋ ದಾಖಲಿ) ಸೆಟಲ್ಡ್ ಅಂತ ಬಿದ್ರ ಮುಂದ ಬೆಳಿ ಸಾಲಕ್ಕ ಭಿ ಬ್ಯಾಂಕಿನೋರು ಮಾರಿ ತಿರುವ್ತಾರ. ಕ್ಲೋಸ್ಡ್ ಅಂತಲೇ ಬರಬೇಕು.

ಹೊಸದಾಗಿ ಲೋನ್ ಮಾಡೋರು ಕೆಎಫ್‌ಎಸ್ (ಲೋನಿನ ಬಡ್ಡಿ, ಚಾರ್ಜ್ ಎಲ್ಲಾ ಬರದಿರೋ ಹಾಳಿ) ಕೊಡ್ರಿ ಅನ್ರಿ. 2024ರ ಅಕ್ಟೋಬರ್ 1ರಿಂದ ಕೊಡಲೇಬೇಕು, ನಮಗ ಆ ಭಾಗ್ಯ ಇರಲಿಲ್ಲ. ಅದರಾಗ ಎಪಿಆರ್ ಅಂತ ಒಂದು ನಂಬರ್ ಇರ್ತದ, ಚಾರ್ಜೂ ಹಿಡದು ವರ್ಷಕ್ಕ ಖರೆ ಎಷ್ಟು ಪರ್ಸೆಂಟ್ ಬೀಳ್ತದ ಅಂತ, ಅದನ್ನಷ್ಟೇ ನೋಡ್ರಿ, ಹುಡುಗ ಬಾಯಿಲೆ ಹೇಳಿದ್ದು ಬಿಡ್ರಿ. ಅದರಾಗ ಬರೀಲಾರದ ಚಾರ್ಜ್ ನಿಮ್ಮ ಒಪ್ಪಿಗಿ ಇಲ್ದ ಆಮ್ಯಾಲ ಹಾಕಾಕ ಬರಂಗಿಲ್ಲ. ಮತ್ತ "ಎರಡು ವರ್ಷಕ್ಕ ಕ್ಲೋಸ್ ಮಾಡಿದ್ರ ಎಷ್ಟು ತುಂಬಬೇಕು" ಅಂತ ಕೇಳಿ, ಅವರ ಕಂಪನಿ ಮೇಲಿಂದ ಬರಸ್ಕೋರಿ. ಬರದು ಕೊಡಲಿಲ್ಲಂದ್ರ ಎದ್ದು ಬರ್ರಿ, ಚಾ ಕುಡಸ್ಯಾರ ಅಂತ ಮುಲಾಜಿಗಿ ಬೀಳಬ್ಯಾಡ್ರಿ.

ಕ್ಲೋಸ್ ಆದ್ ಮ್ಯಾಲ ಎನ್‌ಓಸಿ ಜೊತಿಗಿ ಫಾರ್ಮ್ 35 ಮ್ಯಾಲ ಅವರ ಸೈನ್ ಸಿಕ್ಕಾ ಹಾಕಿಸ್ಕೊಂಡು ಆರ್‌ಟಿಓದಾಗ ಎಚ್‌ಪಿ (ಆರ್‌ಸಿ ಮ್ಯಾಲ ಇರೋ ಫೈನಾನ್ಸ್ ಕಂಪನಿ ಹೆಸರು) ತೆಗಸ್ರಿ. ಗಾಡಿ ಇನ್ಶೂರೆನ್ಸ್‌ನಾಗ ಭಿ ಫೈನಾನ್ಸ್ ಕಂಪನಿ ಹೆಸರು ತೆಗಸ್ರಿ, ಇದನ್ನ ಭಾಳ ಮಂದಿ ಮರೀತಾರ, ನಾಳೆ ಏನರ ಆಗಿ ಗಾಡಿ ಪೂರಾ ಹೋದ್ರ ಕ್ಲೇಮ್ ಮುಂದ ಅವರ ಹೆಸರು ಅಡ್ಡ ಬರ್ತದ. ನಂದು ಆರ್‌ಸಿ ಕ್ಲಿಯರ್ ಆಗ್ಯದ. ಇನ್ಶೂರೆನ್ಸಿನ ರೊಕ್ಕದ ಬಗ್ಗೆ ಕಂಪನಿಗಿ ಬರದು 30 ದಿನ ಕಾದ್ರೂ ಉತ್ತರ ಇಲ್ಲ, ಆರ್‌ಬಿಐ ಓಂಬುಡ್ಸ್‌ಮನ್‌ಗಿ (ಗ್ರಾಹಕರ ದೂರು ಕೇಳೋ ಅಧಿಕಾರಿ) ಆನ್‌ಲೈನ್ ಕಂಪ್ಲೇಂಟ್ ಹಾಕೀನಿ, ಫೀಸ್ ಏನಿಲ್ಲ, ವಿಚಾರಿಸೋದಕ್ಕ 14448 ಅದ. ಅಲ್ಲಿಂದ ಏನ್ ಬರ್ತದೋ ನೋಡಿ ಇಲ್ಲೇ ಹಾಕ್ತೀನಿ.