ಮನೆಯ ಲಿನಕ್ಸ್ ಕಂಪ್ಯೂಟರ್‌ಗಳಿಗೆ ಫೈಲ್ ಹಂಚಿಕೆ: ಎನ್‌ಎಫ್‌ಎಸ್ಸೋ, ಸಾಂಬಾನೋ, ಎಸ್‌ಎಸ್‌ಎಚ್‌ಎಫ್‌ಎಸ್ಸೋ?

ಒಂದು ಕಂಪ್ಯೂಟರಿನಲ್ಲಿರುವ (ಅದೇ ಸರ್ವರ್) ಫೈಲುಗಳನ್ನು ಮನೆಯ ಉಳಿದ ಯಂತ್ರಗಳಿಂದ ತೆರೆಯುವ ದಾರಿಗಳು ಇವು. ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ಮೊದಲು ವೇಗದ ಮಾತೆತ್ತುತ್ತಾರೆ. ಬಳಸಿ ನೋಡಿದ ಮೇಲೆ ನನಗನ್ನಿಸಿದ್ದು, ವೇಗ ಕೊನೆಗೆ ನೋಡಬೇಕಾದದ್ದು. ಗಿಗಾಬಿಟ್ ಕೇಬಲ್ ಇದ್ದರೆ ಎನ್‌ಎಫ್‌ಎಸ್, ಸಾಂಬಾ ಎರಡೂ ದೊಡ್ಡ ವಿಡಿಯೊಗಳನ್ನು ಸೆಕೆಂಡಿಗೆ 110 ಎಂಬಿ ಆಸುಪಾಸಿನಲ್ಲಿ ಸಾಗಿಸುತ್ತವೆ. ಅದಕ್ಕಿಂತ ಹೆಚ್ಚನ್ನು ಆ ತಂತಿಯೇ ಒಯ್ಯುವುದಿಲ್ಲ. ಫೈಲ್ ಕೇಳಿ ಬಂದವರು ಯಾರೆಂದು ಸರ್ವರ್ ಹೇಗೆ ಗುರುತು ಹಿಡಿಯುತ್ತದೆ ಎಂಬುದರಲ್ಲೇ ನಿಜವಾದ ವ್ಯತ್ಯಾಸ ಇರುವುದು.

ನನ್ನ ಸರ್ವರ್ ಎಂದರೆ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪ್, ಡಿಸ್ಕಿನ ಫೈಲ್ ವ್ಯವಸ್ಥೆ ಎಕ್ಸ್‌ಟಿ4. ಬಳಸುವವು ನನ್ನದೂ ಅಕ್ಕನದೂ ಲಿನಕ್ಸ್ ಲ್ಯಾಪ್‌ಟಾಪ್‌ಗಳು, ಒಂದು ಟಿವಿ, ಫೋನುಗಳು, ಆಗಾಗ ಆಫೀಸಿನ ವಿಂಡೋಸ್ ಲ್ಯಾಪ್‌ಟಾಪ್.

ಎನ್‌ಎಫ್‌ಎಸ್ 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ್ದು. ಯಾವ ಫೋಲ್ಡರ್ ಯಾರಿಗೆ ಎಂದು ಬರೆಯುವ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಒಂದೇ ಸಾಲು ಬರೆದರೆ ಕೆಲಸ ಮುಗಿಯಿತು, ಪಾಸ್‌ವರ್ಡೂ ಕೇಳುವುದಿಲ್ಲ. ತಕರಾರು ಇರುವುದೂ ಅಲ್ಲೇ. ಮಾಮೂಲಿ ಜೋಡಣೆಯಲ್ಲಿ ಅದು ಹೆಸರನ್ನು ನೋಡುವುದಿಲ್ಲ, ಪ್ರತಿ ಬಳಕೆದಾರರಿಗೂ ಲಿನಕ್ಸ್ ಕೊಡುವ ಸಂಖ್ಯೆಯನ್ನು ನಂಬುತ್ತದೆ. ಡೆಬಿಯನ್, ಉಬುಂಟು, ಫೆಡೋರಾಗಳಲ್ಲಿ ಮೊದಲ ಬಳಕೆದಾರರ ಸಂಖ್ಯೆ 1000. ಹಾಗಾಗಿ ನನ್ನ ಯಂತ್ರದಲ್ಲಿ ನಾನು 1000, ಅಕ್ಕನ ಯಂತ್ರದಲ್ಲಿ ಅಕ್ಕನೂ 1000. ಅವಳು ಹಾಕಿದ ಫೋಟೊಗಳ ಪಟ್ಟಿ ತೆಗೆದರೆ ಮಾಲೀಕರ ಜಾಗದಲ್ಲಿ ನನ್ನ ಹೆಸರು! ನನ್ನ ಫೈಲುಗಳನ್ನು ಅಳಿಸುವ ಹಕ್ಕೂ ಅವಳಿಗಿದೆ. ಮನೆಮಂದಿಗೆ ಇದು ನಡೆಯುತ್ತದೆ, ಬೇಡವೆಂದರೆ ಸಂಖ್ಯೆಗಳನ್ನು ಮೊದಲೇ ಬೇರೆಬೇರೆ ಕೊಡಬೇಕು. ಆದರೆ ವೈಫೈಗೆ ಬಂದ ಅತಿಥಿಯ ಲ್ಯಾಪ್‌ಟಾಪಿನಲ್ಲೂ 1000 ಇರುತ್ತದಲ್ಲ? ಅದಕ್ಕೇ ಇಡೀ ನೆಟ್‌ವರ್ಕಿಗೆ ತೆರೆಯದೆ, ರೂಟರಿನಲ್ಲಿ ನಮ್ಮ ಯಂತ್ರಗಳಿಗೆ ಐಪಿ ವಿಳಾಸ ಖಾಯಂ ಮಾಡಿ, ಆ ವಿಳಾಸಗಳಿಗಷ್ಟೇ ಕೊಟ್ಟಿದ್ದೇನೆ. ಆ ಸಾಲಿನಲ್ಲಿ ವಿಳಾಸಕ್ಕೂ ಹಕ್ಕುಗಳನ್ನು ಬರೆಯುವ ಆವರಣ ಚಿಹ್ನೆಗೂ ನಡುವೆ ಒಂದು ಸ್ಪೇಸ್ ಬಿದ್ದರೂ ಅರ್ಥ ತಿರುಗಿಬಿಡುತ್ತದೆ: ಬರೆಯುವ ಹಕ್ಕು ಊರಿಗೆಲ್ಲ, ನೀವು ಹೆಸರಿಸಿದ ಯಂತ್ರಕ್ಕೆ ಓದುವ ಹಕ್ಕು ಮಾತ್ರ.

ಎನ್‌ಎಫ್‌ಎಸ್‌ಗೆ ಇನ್ನೊಂದು ಪರೀಕ್ಷೆ ನಮ್ಮ ಶಿವಮೊಗ್ಗದ ಮಳೆಗಾಲ. ಕರೆಂಟ್ ಹೋಗಿ ಸರ್ವರ್ ಆರಿತೆಂದರೆ, ಲ್ಯಾಪ್‌ಟಾಪಿನ ಫೈಲ್ ಮ್ಯಾನೇಜರ್ ಸುಮ್ಮನೆ ಕಾಯುತ್ತ ಕೂರುತ್ತದೆ, ಮುಚ್ಚಲೂ ಬಿಡುವುದಿಲ್ಲ. ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ, ಬೇಕಾದಾಗ ಮಾತ್ರ ಫೋಲ್ಡರನ್ನು ಜೋಡಿಸುವ (ಮೌಂಟ್ ಮಾಡುವ) ಸಿಸ್ಟಮ್‌ಡಿಯ ಆಟೋಮೌಂಟ್ ಹಾಕಿದ ಮೇಲೆ ಈ ಕಾಟ ಬಹಳ ಕಡಿಮೆಯಾಗಿದೆ. ಸರ್ವರಿಗಾಗಿ ಕೊನೆಯಿಲ್ಲದೆ ಕಾಯದೆ ಕೈಬಿಡುವ ‘ಸಾಫ್ಟ್’ ಮೌಂಟ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಬರೆಯುವ ಮಧ್ಯೆ ಸಂಪರ್ಕ ಕಡಿದರೆ ಫೈಲ್ ಕೆಡಬಹುದು, ನನಗೆ ಅದು ಬೇಡ.

ಸಾಂಬಾ ಪಾಸ್‌ವರ್ಡ್ ಕೇಳುತ್ತದೆ, ಅದೂ ಲಿನಕ್ಸ್ ಲಾಗಿನ್ನಿನದಲ್ಲ, ತಾನೇ ಬೇರೆ ಇಟ್ಟುಕೊಂಡದ್ದು. ಫೋನಿನ ವಿಎಲ್‌ಸಿ, ವಿಂಡೋಸ್ ಎರಡಕ್ಕೂ ಇದರ ಭಾಷೆಯಾದ ಎಸ್‌ಎಂಬಿ ಗೊತ್ತು. ಹಳೆಯ ಟಿವಿಗಳದು ಬೇರೆ ಕಥೆ. ಕೆಲವಕ್ಕೆ ಬರುವುದು ಅದರ ಹಳೆಯ ರೂಪವಾದ ಎಸ್‌ಎಂಬಿ1 ಮಾತ್ರ, ಸಾಂಬಾ 4.11ನೇ ಆವೃತ್ತಿಯಿಂದ ಅದನ್ನು ಮುಚ್ಚಿಟ್ಟಿದೆ. ಟಿವಿಗೋಸ್ಕರ ಆ ಹಳೆಯ ಬಾಗಿಲು ತೆರೆಯುವುದಕ್ಕಿಂತ ಟಿವಿಗೆ ವಿಡಿಯೊ ಒದಗಿಸುವ ಮಿನಿಡಿಎಲ್‌ಎನ್‌ಎ ತಂತ್ರಾಂಶ ಹಾಕುವುದು ವಾಸಿ. ಲಿನಕ್ಸಿನಿಂದ ಸಾಂಬಾ ಮೌಂಟ್ ಮಾಡಿದರೆ ಸಾಮಾನ್ಯವಾಗಿ ಎಲ್ಲ ಫೈಲೂ ಒಬ್ಬರದೇ ಹೆಸರಿನಲ್ಲಿ ಕಾಣುತ್ತವೆ, ಆದ್ದರಿಂದ ಮಾಲೀಕರ ವಿವರವನ್ನೂ ಉಳಿಸಬೇಕಾದ ಆರ್‌ಸಿಂಕ್ (ಫೈಲ್ ನಕಲಿಸುವ ತಂತ್ರಾಂಶ) ಬ್ಯಾಕಪ್ಪಿಗೆ ನಾನು ಅದನ್ನು ಬಳಸುವುದಿಲ್ಲ.

ಕನ್ನಡದಲ್ಲಿ ಉದ್ದುದ್ದ ಹೆಸರಿಡುವವರು ಇದನ್ನು ಗಮನಿಸಿ. ಎಕ್ಸ್‌ಟಿ4ನಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು, ‘ಕ್ಷಿ’ ಒಂದಕ್ಕೇ 12. ಎಂದರೆ 85 ಚಿಹ್ನೆಗೆ ಜಾಗ ಮುಗಿಯಿತು. ವಿಂಡೋಸಿನಲ್ಲಿ ಸಲೀಸಾಗಿದ್ದ ಫೈಲನ್ನು ಸರ್ವರ್ ಒಲ್ಲೆ ಎಂದರೆ ಸಾಂಬಾವನ್ನು ಬೈಯಬೇಡಿ, ಹೆಸರನ್ನು ಮೊಟಕು ಮಾಡಿ.

ಎಸ್‌ಎಸ್‌ಎಚ್‌ಎಫ್‌ಎಸ್‌ಗೆ ಸರ್ವರಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಇದ್ದರೆ ಸಾಕು, ಬಂದವರು ಯಾರೆಂಬ ಗೊಂದಲವೂ ಇಲ್ಲ. ಆದರೆ ಸಾವಿರಾರು ಸಣ್ಣ ಫೋಟೊಗಳಿರುವ ಫೋಲ್ಡರ್ ತೆರೆದರೆ ತೆವಳುತ್ತದೆ. ಕಳಿಸುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುವ ಕೆಲಸವೂ ಇದಕ್ಕಿದೆ; ಹಲವರು ಸರ್ವರ್ ಮಾಡಿಕೊಳ್ಳುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರಲ್ಲಿ ಎಇಎಸ್ ಎಂಬ ಗೂಢಲಿಪೀಕರಣಕ್ಕೆ ಹಾರ್ಡ್‌ವೇರ್ ನೆರವೂ ಇಲ್ಲ. ಹತ್ತು ನಿಮಿಷದ ಕೆಲಸಕ್ಕೆ ಇದೇ ಸುಲಭ, ದಿನಬಳಕೆಗೆ ಬೇಡ.

ಈಗ ನಮ್ಮಲ್ಲಿ ಒಂದೇ ಫೋಲ್ಡರ್ ಎರಡು ದಾರಿಯಲ್ಲಿ ಸಿಗುತ್ತದೆ: ಲಿನಕ್ಸ್ ಲ್ಯಾಪ್‌ಟಾಪ್‌ಗಳಿಗೆ ಎನ್‌ಎಫ್‌ಎಸ್, ಫೋನಿಗೂ ವಿಂಡೋಸಿಗೂ ಸಾಂಬಾ. ಒಂದೇ ಕಡತವನ್ನು ಎರಡೂ ಕಡೆಯಿಂದ ಏಕಕಾಲಕ್ಕೆ ತಿದ್ದುವುದು ಮಾತ್ರ ನಿಷಿದ್ಧ. ಸಾಂಬಾದಲ್ಲಿ ಯಾರೇ ಬಂದರೂ ಒಬ್ಬರದೇ ಹೆಸರಿನಲ್ಲಿ ಫೈಲ್ ಬರೆಯುವ ‘ಫೋರ್ಸ್ ಯೂಸರ್’ ಹಾಕಿ ಅದೇ 1000ದ ಹೆಸರು ಕೊಟ್ಟಿರುವುದರಿಂದ, ಫೋನಿನಿಂದ ಬಂದ ಫೋಟೊವನ್ನು ಲ್ಯಾಪ್‌ಟಾಪಿನಿಂದ ಅಳಿಸಲು ಹೋದರೆ ‘ಅನುಮತಿ ಇಲ್ಲ’ ಎಂಬ ತಗಾದೆ ಬರುವುದಿಲ್ಲ.