ಒಂದು ಮಲಗುವ ಕೋಣೆ ಎರಡಾದ ಬಗೆ: ಜಿಪ್ಸಂ ಅಡ್ಡಗೋಡೆಯ ಕೆಲಸ, ಒಂದು ಮಳೆಗಾಲದ ನಂತರ

ವಿರಾಜಪೇಟೆಯ ನಮ್ಮ ಮನೆಯ ಮಹಡಿಯಲ್ಲಿ 22 ಅಡಿ ಉದ್ದ, 12 ಅಡಿ ಅಗಲದ ಒಂದೇ ಮಲಗುವ ಕೋಣೆಯಿತ್ತು. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಪಿಯುಸಿಗೆ ಬಂದ ಮೇಲೆ ಅದನ್ನು ಎರಡು ಮಾಡದೆ ಗತ್ಯಂತರವಿರಲಿಲ್ಲವಾದ್ದರಿಂದ, ಕೆಲಸವನ್ನು ಕುಶಾಲನಗರದ ಒಂದು ಒಳಾಂಗಣ ಗುತ್ತಿಗೆ ತಂಡಕ್ಕೆ ವಹಿಸಿದೆವು. ಅಡ್ಡಗೋಡೆ ಎದ್ದು ಒಂದು ಮಳೆಗಾಲ ಪೂರ್ತಿ ಕಳೆದಿದೆ. ಕೊಡಗಿನಲ್ಲಿ ಇಂತಹ ಕೆಲಸವನ್ನು ಬಣ್ಣ ಆರಿದ ದಿನವೇ ಹೊಗಳುವುದರಲ್ಲಿ ಅರ್ಥವಿಲ್ಲ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಹಿಡಿದು ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಗೋಡೆಯ ಬುಡವೂ ನೆತ್ತಿಯೂ ಹೇಗಿವೆ ಎಂದು ನೋಡಿದ ಮೇಲೆಯೇ ಮಾತನಾಡಬೇಕು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ತಂಡ ಗೋಡೆಯ ನಡುಭಾಗವನ್ನು ಅಚ್ಚುಕಟ್ಟಾಗಿ ಕಟ್ಟಿದೆ, ಅಂಚುಗಳಲ್ಲಿ ಅವಸರ ಮಾಡಿದೆ.

ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಗೋಡೆ ಎಲ್ಲಿ ಬರಬೇಕೆಂಬುದು. ನಮ್ಮ ಕೋಣೆಯ ಉದ್ದದ ಗೋಡೆಯಲ್ಲಿ ಸಮಾನ ಅಂತರದಲ್ಲಿ ಮೂರು ಕಿಟಕಿಗಳಿದ್ದು, ಸರಿಯಾಗಿ ಅರ್ಧಕ್ಕೆ ಭಾಗ ಮಾಡಿದರೆ ಅಡ್ಡಗೋಡೆ ನಡುವಿನ ಕಿಟಕಿಯ ಎದೆಗೇ ಬಂದು ನಿಲ್ಲುತ್ತಿತ್ತು. ಹಾಗೆ ಕಿಟಕಿಯನ್ನು ಸೀಳಿ ಎರಡೂ ಕಡೆಗೆ ಅರ್ಧರ್ಧ ಹಂಚಿದ ಮನೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ಕಿಟಕಿಯ ಬಾಗಿಲು ಸರಿಯಾಗಿ ತೆರೆಯುವುದಿಲ್ಲ, ಮಾತು ಆ ಸಂದಿನಿಂದಲೇ ಆಚೆಗೆ ಹೋಗುತ್ತದೆ. ಅಳತೆಗೆ ಬಂದ ಮೇಸ್ತ್ರಿ ಇದನ್ನು ತಾವಾಗಿಯೇ ಗಮನಿಸಿ, ಎರಡು ಕಿಟಕಿಗಳ ನಡುವಿನ ಗಟ್ಟಿ ಗೋಡೆಗೆ ಅಡ್ಡಗೋಡೆಯನ್ನು ಸೇರಿಸಲು ಸೂಚಿಸಿದರು. ಇದರಿಂದ ಒಂದು ಕೋಣೆ ಹದಿಮೂರು ಅಡಿ ಚಿಲ್ಲರೆ, ಇನ್ನೊಂದು ಎಂಟೂವರೆ ಅಡಿ ಆಯಿತು. ಚಿಕ್ಕ ಕೋಣೆ 102 ಚದರ ಅಡಿ, ಅಂದರೆ ಸುಮಾರು 9.5 ಚದರ ಮೀಟರ್ ಬರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಎರಡು ವಾಸದ ಕೋಣೆಗಳಿದ್ದಲ್ಲಿ ಒಂದು ಕನಿಷ್ಠ 9.5 ಚದರ ಮೀಟರ್, ಇನ್ನೊಂದು ಕನಿಷ್ಠ 7.5 ಚದರ ಮೀಟರ್ ಇರಬೇಕು, ಅಗಲ 2.1 ಮೀಟರಿಗಿಂತ ಕಡಿಮೆಯಾಗಬಾರದು. ನಮ್ಮ ಎರಡೂ ಕೋಣೆಗಳು ಈ ಮಿತಿಯೊಳಗೆ ನಿರಾಳವಾಗಿ ಕುಳಿತವು. ದೊಡ್ಡ ಕೋಣೆ ಯಾರಿಗೆ ಎಂಬ ಜಗಳ ಮಾತ್ರ ಯಾವ ಸಂಹಿತೆಯಿಂದಲೂ ಬಗೆಹರಿಯಲಿಲ್ಲ.

ಇಟ್ಟಿಗೆ ಗೋಡೆಯನ್ನೇ ಕಟ್ಟಿಸಬಹುದಲ್ಲ ಎಂದು ಅಕ್ಕಪಕ್ಕದವರೆಲ್ಲ ಕೇಳಿದರು. ನೆಲದ ಅಂತಸ್ತಿನಲ್ಲಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮಹಡಿಯಲ್ಲಿ ಗೋಡೆಯ ಗೆರೆಯ ಕೆಳಗೆ ಬೀಮ್ ಇಲ್ಲದಿದ್ದಾಗ ಲೆಕ್ಕ ಬೇರೆ. 12 ಅಡಿ ಉದ್ದ, 10 ಅಡಿ ಎತ್ತರದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎರಡೂ ಬದಿಯ ಗಾರೆ ಸೇರಿ ಎರಡೂವರೆ ಟನ್ನಿಗೂ ಹೆಚ್ಚು ತೂಗುತ್ತದೆ, ಆ ಭಾರವೆಲ್ಲ ಬರೀ ಸ್ಲ್ಯಾಬಿನ ಮೇಲೆ ಒಂದೇ ಸಾಲಿನಲ್ಲಿ ಬೀಳುತ್ತದೆ. ಜಿಐ (ಸತು ಲೇಪಿಸಿದ ಉಕ್ಕಿನ) ಚೌಕಟ್ಟಿಗೆ ಎರಡೂ ಕಡೆ ಬೋರ್ಡ್ ಹೊಡೆದ ಅಷ್ಟೇ ದೊಡ್ಡ ಗೋಡೆ 300-400 ಕಿಲೋ ಒಳಗೇ ಮುಗಿಯುತ್ತದೆ. ಪ್ಲೈವುಡ್ ಬೇಡವೆಂದದ್ದು ಗೆದ್ದಲಿನ ಭಯಕ್ಕೆ. ಫೈಬರ್ ಸಿಮೆಂಟ್ ಬೋರ್ಡ್ ನೀರಿಗೆ ಹೆಚ್ಚು ತಡೆಯುತ್ತದೆಯಾದರೂ ಅದರ ಜೋಡಣೆಯಲ್ಲಿ ಕೂದಲೆಳೆಯ ಬಿರುಕು ಬೇಗ ಕಾಣಿಸಿಕೊಳ್ಳುತ್ತದೆ. ಹಾಗಾಗಿ ತೇವಾಂಶ ತಡೆಯುವ, ಹಸಿರು ಕಾಗದದ ಹೊದಿಕೆಯ 12.5 ಮಿಲಿಮೀಟರ್ ಜಿಪ್ಸಂ ಬೋರ್ಡನ್ನು ಆರಿಸಿದೆವು. ತೇವಾಂಶ ತಡೆಯುತ್ತದೆ ಎಂದರೆ ನೀರಿನಲ್ಲಿ ನಿಲ್ಲುತ್ತದೆ ಎಂದಲ್ಲ ಎಂಬುದನ್ನು ಮಾರುವವರು ಒತ್ತಿ ಹೇಳುವುದಿಲ್ಲ, ಓದುವವರು ನೆನಪಿಟ್ಟುಕೊಳ್ಳಲಿ.

ಚೌಕಟ್ಟಿನ ಕೆಲಸಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ. ನಮ್ಮದು ಹಳೆಯ ಕಾವಿ ನೆಲ. ಅದಕ್ಕೆ ಡ್ರಿಲ್ ಬಿಟ್ಟರೆ ಚಕ್ಕೆ ಏಳುವುದು ಖಂಡಿತವೆಂದುಕೊಂಡಿದ್ದೆ. ಕೆಲಸದ ಹುಡುಗ ತೂತು ಬೀಳುವ ಜಾಗಕ್ಕೆಲ್ಲ ಟೇಪು ಅಂಟಿಸಿ, ಡ್ರಿಲ್ಲಿನ ಹ್ಯಾಮರ್ ಬಡಿತ ನಿಲ್ಲಿಸಿ, ಕಾವಿಯ ಪದರವನ್ನು ಬರೀ ತಿರುಗುವ ಬಿಟ್ಟಿನಿಂದಲೇ ನಿಧಾನವಾಗಿ ದಾಟಿಸಿದ ಮೇಲಷ್ಟೇ ಹ್ಯಾಮರ್ ಹಾಕಿದ. ಎಲ್ಲಿಯೂ ನೆಲ ಒಡೆಯಲಿಲ್ಲ. ಎರಡೆರಡು ಅಡಿಗೆ ಒಂದರಂತೆ ಸ್ಟಡ್ (ಚೌಕಟ್ಟಿನ ನಿಲುವು ಪಟ್ಟಿ) ನಿಲ್ಲಿಸುವ ಮುನ್ನ ಪುಸ್ತಕದ ಕಪಾಟು ಎಲ್ಲಿ, ಕನ್ನಡಿ ಎಲ್ಲಿ ಎಂದು ಮಕ್ಕಳನ್ನೇ ಕೇಳಿ, ಆ ಎತ್ತರದಲ್ಲಿ ಬೋರ್ಡಿನ ಹಿಂದೆ ಪ್ಲೈವುಡ್ ಪಟ್ಟಿಗಳನ್ನು ಕೂರಿಸಿದರು. ಬರೀ ಜಿಪ್ಸಂಗೆ ಭಾರ ನೇತುಹಾಕಿದರೆ ಸ್ಕ್ರೂ ಕಿತ್ತು ಬರುತ್ತದೆ, ಆದ್ದರಿಂದ ಈ ಪ್ರಶ್ನೆಯನ್ನು ಕೇಳದ ಗುತ್ತಿಗೆದಾರರನ್ನು ನಂಬಬಾರದು. ಎರಡನೆಯ ಕೋಣೆಗೆ ಹೊಸ ಬಾಗಿಲು ತೆಗೆಯುವಾಗಲೂ ಮೊದಲು ಮೇಲೆ ಲಿಂಟಲ್ ಕೂರಿಸಿ, ಅದು ಗಟ್ಟಿಯಾದ ಮೇಲಷ್ಟೇ ಕೆಳಗಿನ ಇಟ್ಟಿಗೆ ಬಿಡಿಸಿದರು. ಕೋಣೆಯ ನಡುಮಧ್ಯದಲ್ಲಿದ್ದ ಒಂದೇ ಫ್ಯಾನನ್ನು ತೆಗೆದು ಎರಡು ಕಡೆ ಹೊಸ ಕೊಕ್ಕೆ, ಪ್ರತ್ಯೇಕ ಸ್ವಿಚ್‌ಬೋರ್ಡ್ ಎಲ್ಲವೂ ಆದವು. ವೈರಿಂಗ್ ಬಗ್ಗೆ ದೂರಿಲ್ಲ.

ದೂರು ಶುರುವಾಗುವುದು ನೆತ್ತಿಯಲ್ಲಿ. ನಮ್ಮ ಮಹಡಿಗೆ ಮಂಗಳೂರು ಹೆಂಚಿನ ಮಾಡು, ಅದರ ಕೆಳಗೆ ಮರದ ಹಲಗೆಯ ಮುಚ್ಚಿಗೆ. ತಂಡದವರು ಒಳಗೆ ಸದ್ದು ತಡೆಯಲು 50 ಮಿಲಿಮೀಟರ್ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿದ ಗೋಡೆಯನ್ನು ಮುಚ್ಚಿಗೆಗೆ ತಾಗಿಸಿ, ಕೆಲಸ ಮುಗಿಯಿತೆಂದರು. ಗೋಡೆಗೆ ಕಿವಿಯಿಟ್ಟರೆ ಏನೂ ಕೇಳಿಸುವುದಿಲ್ಲ, ಮಂಚದ ಮೇಲೆ ಮಲಗಿದರೆ ಪಕ್ಕದ ಕೋಣೆಯ ಫೋನ್ ಮಾತು ಪೂರಾ ಕೇಳಿಸುತ್ತದೆ! ಹಲಗೆಗಳ ಸಂದಿನಿಂದ ಮೇಲೇರಿದ ಸದ್ದು ಅಟ್ಟದಲ್ಲಿ ಸುತ್ತಿ ಆ ಕಡೆ ಇಳಿಯುತ್ತಿತ್ತು. ಇಂತಹ ಮನೆಗಳಲ್ಲಿ ಅಡ್ಡಗೋಡೆಯ ಗೆರೆಯಲ್ಲೇ ಅಟ್ಟದೊಳಗೂ ಹೆಂಚಿನ ತಳದವರೆಗೆ ಬೋರ್ಡ್ ಏರಿಸಬೇಕಾಗುತ್ತದೆ. ಅದು ಒಪ್ಪಂದದಲ್ಲಿ ಇಲ್ಲವೆಂದು ಮೊದಲು ವಾದಿಸಿ, ಕೊನೆಗೆ ಸಾಮಾನಿನ ಹಣವನ್ನಷ್ಟೇ ಪಡೆದು ಮಾಡಿಕೊಟ್ಟರು. ಎರಡೂ ಬದಿಯ ಸ್ವಿಚ್ ಪೆಟ್ಟಿಗೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಜಾಗದಲ್ಲಿ ಕೂರಿಸಿದ್ದು ಇನ್ನೊಂದು ತಪ್ಪು. ಅಷ್ಟು ಜಾಗದಲ್ಲಿ ರಾಕ್‌ವೂಲ್ ಇಲ್ಲ, ಅಲ್ಲಿಂದ ಇಂದಿಗೂ ಸದ್ದು ಸೋರುತ್ತದೆ.

ಬುಡದ ಸಮಸ್ಯೆ ಜುಲೈನಲ್ಲಿ ಕಂಡಿತು. ಜಿಪ್ಸಂ ಬೋರ್ಡನ್ನು ನೆಲದಿಂದ ಸುಮಾರು ಅರ್ಧ ಇಂಚು ಮೇಲೆತ್ತಿ ಹೊಡೆದು, ಆ ಸಂದನ್ನು ಸೀಲೆಂಟಿನಿಂದ ಮುಚ್ಚಿ ಮೇಲೆ ಸ್ಕರ್ಟಿಂಗ್ ಕೊಡುವುದು ಸರಿಯಾದ ಕ್ರಮ. ಗೋಡೆಯ ಬಹುಪಾಲು ಹಾಗೆಯೇ ಇದೆ. ಚಿಕ್ಕ ಕೋಣೆಯ ಮೂಲೆಯ ಒಂದು ಬೋರ್ಡ್ ಮಾತ್ರ ನೇರವಾಗಿ ನೆಲದ ಮೇಲೆ ನಿಂತಿದ್ದು, ನೆಲ ಒರೆಸಿದ ನೀರನ್ನು ದಿನವೂ ಹೀರಿಕೊಂಡಿತ್ತು. ಮಂಚ ಸರಿಸಿ ನೋಡಿದಾಗ ಸ್ಕರ್ಟಿಂಗಿನ ಮೇಲೆ ಒಂದು ಗೇಣು ಎತ್ತರಕ್ಕೆ ಬೂದು ಬಣ್ಣದ ಬೂಷ್ಟು. ಬೆರಳಿನಿಂದ ಒತ್ತಿದರೆ ಕಾಗದ ಮೆತ್ತಗೆ ಒಳಗೆ ಹೋಗುತ್ತಿತ್ತು. ಕರೆ ಮಾಡಿದ ಮೇಲೆ ಬಂದು, ಆ ಭಾಗವನ್ನು ಕತ್ತರಿಸಿ ಫೈಬರ್ ಸಿಮೆಂಟಿನ ತುಂಡು ಜೋಡಿಸಿದರು, ಹಣ ಕೇಳಲಿಲ್ಲ. ಹೊಸ ಪುಟ್ಟಿ ಆ ಮಳೆಯಲ್ಲಿ ಆರಲೇ ಇಲ್ಲ. ಬಣ್ಣ ಬಳಿದದ್ದು ಮಳೆ ನಿಂತ ಮೇಲೆ. ಪೂರ್ತಿ ಗೋಡೆಯ ಕೆಳಗಿನ ಒಂದು ಅಡಿಯನ್ನು ಆರಂಭದಲ್ಲೇ ಫೈಬರ್ ಸಿಮೆಂಟಿನಲ್ಲಿ ಮಾಡುವಂತೆ ಕೇಳಿಕೊಳ್ಳುವುದು ನಮ್ಮ ಕಡೆಯ ಮನೆಗಳಿಗೆ ಕ್ಷೇಮ.

ಬಿಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಚದರ ಅಡಿ ದರ ಕೇಳುವಾಗ ಅದು ಗೋಡೆಯ ಒಂದು ಮುಖದ ಅಳತೆಗೋ ಎರಡೂ ಮುಖಕ್ಕೋ, ರಾಕ್‌ವೂಲ್, ಪುಟ್ಟಿ, ಬಣ್ಣ ಅದರೊಳಗೆ ಸೇರಿವೆಯೋ ಎಂಬುದನ್ನು ಬರೆಸಿಕೊಳ್ಳಬೇಕು. ನಮಗೆ ಸಿಕ್ಕ ದರಪಟ್ಟಿಗಳಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಕಂಡದ್ದು, ಇವೆಲ್ಲವನ್ನೂ ಕೂಡಿಸಿದಾಗ ಎಲ್ಲಕ್ಕಿಂತ ದುಬಾರಿಯಾಗಿತ್ತು. ಈ ತಂಡದ ಬಿಲ್ಲು ಒಂದು ಮುಖದ ಅಳತೆಯಲ್ಲೇ ಇತ್ತು, ಬೋರ್ಡ್ ಸಾಗಿಸಿದ ವಾಹನದ ಬಾಡಿಗೆಯನ್ನು ಬೇರೆಯಾಗಿ ತೋರಿಸಿದ್ದರು.

ಇನ್ನೊಮ್ಮೆ ಇವರಿಗೇ ಕೆಲಸ ಕೊಡುತ್ತೇನೆಯೇ ಎಂದರೆ, ಕೊಡುತ್ತೇನೆ, ಅಟ್ಟದ ಬೋರ್ಡನ್ನೂ ಬುಡದ ಸಂದನ್ನೂ ಒಪ್ಪಂದದಲ್ಲೇ ಬರೆಸಿಕೊಂಡು. ಪುಟ್ಟಿ ಆರಲು ಒಣಹವೆ ಬೇಕಾದ್ದರಿಂದ ಜೂನ್ ಹಿಡಿಯುವ ಮುನ್ನವೇ ಎಲ್ಲವೂ ಮುಗಿಯಬೇಕು. ಕಾಫಿ ಕೊಯ್ಲು ಮುಗಿಸಿ ಕೈಗೆ ಹಣ ಬಂದವರೆಲ್ಲ ಏಪ್ರಿಲ್‌ನಲ್ಲೇ ಮನೆ ಕೆಲಸಕ್ಕೆ ಕೈ ಹಾಕುವುದರಿಂದ ಆಗ ಇವರು ಸಿಗುವುದಿಲ್ಲ; ಅಳತೆಗೆ ಬರುವಂತೆ ಫೆಬ್ರವರಿಯಲ್ಲೇ ಹೇಳಿಟ್ಟರೆ ಒಳ್ಳೆಯದು.